ಗೋಡೆ ಉಳಿಯಿತು, ಮನೆ ಉಳಿಯಿತೇ?

ಹಳೆಯ ಕಟ್ಟಡವೊಂದನ್ನು ಉಳಿಸಿದೆವೆಂದು ಬೆನ್ನು ತಟ್ಟಿಕೊಳ್ಳುವವರನ್ನು ನಾವು ಕೇಳಬೇಕಾದ ಮೊದಲ ಪ್ರಶ್ನೆ, ಅದರೊಳಗೆ ಇದ್ದವರು ಈಗ ಎಲ್ಲಿದ್ದಾರೆ ಎಂಬುದು. ಈ ಪ್ರಶ್ನೆಯನ್ನು ಮಲೇಶ್ಯಾದ ಪೆನಾಂಗ್ ದ್ವೀಪದ ಜಾರ್ಜ್‌ಟೌನ್ ಪಟ್ಟಣದಲ್ಲಿ ಕೇಳಿದರೆ ಉತ್ತರ ಕೊಡುವವರು ಕಡಿಮೆ. 2008ರ ಜುಲೈಯಲ್ಲಿ ಯುನೆಸ್ಕೋ ಈ ಪಟ್ಟಣವನ್ನು ಮಲಾಕ್ಕಾದ ಜೊತೆಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂದಿನಿಂದ ಅಲ್ಲಿನ ಸಾಲುಮನೆಗಳ ಬಣ್ಣದ ಚಿತ್ರಗಳು ಪ್ರವಾಸ ಪುಟಗಳಲ್ಲಿ ಧಾರಾಳವಾಗಿ ಬರುತ್ತಿವೆ. ಕೆಳಗೆ ಅಂಗಡಿ, ಮೇಲೆ ಮನೆ, ಮುಂದೆ ಕಮಾನಿನ ಜಗಲಿ, ತಿಳಿನೀಲಿಯೋ ಹಳದಿಯೋ ಬಳಿದ ಗೋಡೆ. ನೋಡಲು ಹೋಗುವವರ ಮೇಲೆ ನಮ್ಮ ತಕರಾರಿಲ್ಲ. ತಕರಾರಿರುವುದು 'ಸಂರಕ್ಷಣೆ' ಎಂಬ ಮಾತಿನ ಮೇಲೆ.

ಆ ಮನೆ ಎಂಥದು ಎಂಬುದನ್ನು ಮೊದಲು ನೋಡೋಣ. ಮಲಯ ಭಾಷೆಯಲ್ಲಿ ಅದನ್ನು ರುಮಾಹ್ ಕೆಡಾಯ್ ಎನ್ನುತ್ತಾರೆ. ರುಮಾಹ್ ಎಂದರೆ ಮನೆ. ಕೆಡಾಯ್ ಎಂಬುದು ತಮಿಳಿನ 'ಕಡೈ', ಅಂದರೆ ಅಂಗಡಿ. ಸಮುದ್ರ ದಾಟಿ ಹೋದ ವ್ಯಾಪಾರಿಗಳು ಸರಕಿನ ಜೊತೆ ಈ ಪದವನ್ನೂ ಇಳಿಸಿ ಬಂದರು. ಕಟ್ಟಡದ ಮೂಲ ವಿನ್ಯಾಸ ದಕ್ಷಿಣ ಚೀನಾದ್ದು. ರಸ್ತೆಗೆ ಮುಖವಾಗಿ ಹದಿನಾರರಿಂದ ಇಪ್ಪತ್ತಡಿ ಅಗಲ, ಹಿಂದಕ್ಕೆ ನೂರಡಿಗೂ ಮಿಕ್ಕಿದ ಉದ್ದ. ಅಗಲ ಅಷ್ಟಕ್ಕೇ ನಿಲ್ಲಲು ಒಂದು ಕಾರಣ ಮರದ ತೊಲೆ. ಒಂದು ಗೋಡೆಯಿಂದ ಇನ್ನೊಂದಕ್ಕೆ ನಡುವೆ ಕಂಬವಿಲ್ಲದೆ ತೊಲೆ ಎಷ್ಟು ದೂರ ಚಾಚಬಲ್ಲದೋ ಅಷ್ಟೇ ಮನೆಯ ಅಗಲ. ಗೋಡೆಗಳು ನೆರೆಯವನೊಂದಿಗೆ ಪಾಲು. ಈ ಮನೆಯ ತೊಲೆಯೂ ಪಕ್ಕದ ಮನೆಯ ತೊಲೆಯೂ ಒಂದೇ ಗೋಡೆಯ ಎರಡು ಬದಿಗಳಲ್ಲಿ ತಲೆಯಿಟ್ಟಿರುತ್ತವೆ. ಒಂದು ಮನೆಯನ್ನು ಕೆಡವಿದರೆ ಎರಡು ಪಕ್ಕದ ಮನೆಗಳು ನಡುಗುತ್ತವೆ. ನೆರೆಯವನು ತನ್ನ ಗೋಡೆಗೆ ತೊಲೆ ಸಿಕ್ಕಿಸುವುದನ್ನು ತಡೆಯಬೇಡಿರೆಂಬ ಪ್ರವಾದಿವರ್ಯರ ಬೋಧನೆ ಹದೀಸ್ ಸಂಗ್ರಹಗಳಲ್ಲಿದೆ, ಅದರ ಮೇಲೆ ಫಿಕ್‌ಹ್ ಪಂಡಿತರು ಸಾಕಷ್ಟು ಚರ್ಚಿಸಿದ್ದಾರೆ. ಆ ಚರ್ಚೆ ಯಾಕೆ ಬೇಕಾಯಿತೆಂದು ತಿಳಿಯದವರು ಇಂಥ ಬೀದಿಯೊಂದರ ಮಾಡಿನೊಳಗೆ ಇಣುಕಿದರೆ ಸಾಕು.

ನೂರಡಿ ಉದ್ದದ, ಪಕ್ಕದಲ್ಲಿ ಒಂದೂ ಕಿಟಕಿಯಿಲ್ಲದ ಮನೆಯಲ್ಲಿ ಉಸಿರಾಡುವುದು ಹೇಗೆ? ಅದಕ್ಕೆ ನಡುವೆ ಗಾಳಿಬಾವಿ. ನಮ್ಮ ತೊಟ್ಟಿಮನೆಯ ತೊಟ್ಟಿಯಂತೆಯೇ ಆಕಾಶಕ್ಕೆ ತೆರೆದ ಅಂಗಳ. ಬಿಸಿಗಾಳಿ ಅಲ್ಲಿಂದ ಮೇಲೇರಿದಂತೆ ಬೀದಿಯ ಕಡೆಯ ತಂಪುಗಾಳಿ ಅಂಗಡಿಯ ಮೂಲಕ ಒಳಕ್ಕೆ ಬರುತ್ತದೆ. ಮಳೆನೀರು ಅಲ್ಲೇ ಬಿದ್ದು ಕಲ್ಲಿನ ಚರಂಡಿಯಲ್ಲಿ ಹರಿಯುತ್ತದೆ, ಹೆಂಗಸರ ಅಡುಗೆ ಮತ್ತು ಒಗೆತದ ಕೆಲಸ ಅದರ ಸುತ್ತ ನಡೆಯುತ್ತದೆ. ಸುಡುಮಣ್ಣಿನ ಹಂಚು, ಕೆಂಪು ಬಿಲ್ಲೆಯ ನೆಲ, ಮಹಡಿಗೆ ಹಲಗೆಯ ಹಾಸು, ಪಟ್ಟಿಕಿಟಕಿ. ಕೆಲವು ಮನೆಗಳಲ್ಲಿ ಬಾಗಿಲಿನ ನೇರಕ್ಕೆ ಮಹಡಿಯ ಹಲಗೆಯಲ್ಲಿ ಒಂದು ಸಣ್ಣ ತೂತಿದ್ದು, ಕೆಳಗೆ ಬಾಗಿಲು ತಟ್ಟಿದವರು ಯಾರೆಂದು ಮೇಲಿನಿಂದಲೇ ನೋಡಿಕೊಳ್ಳುವ ಏರ್ಪಾಡು. ಗೋಡೆಗೆ ಸುಣ್ಣದ ಗಾರೆ.

ಈ ಸುಣ್ಣದ ವಿಷಯವನ್ನು ತುಸು ನಿಂತು ಹೇಳಬೇಕು. ಹಳೆಯ ಇಟ್ಟಿಗೆ ಮೆದು. ನೆಲದ ತೇವವನ್ನು ಹೀರುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೊರಕ್ಕೆ ಬಿಡುತ್ತದೆ, ಹಾಗಾಗಿ ಗೋಡೆ ಒಣಗುತ್ತಿರುತ್ತದೆ. ಗಾರೆ ಉದುರಿದರೆ ಮತ್ತೆ ಬಳಿದರಾಯಿತು, ಖರ್ಚು ಕಡಿಮೆ. ದುರಸ್ತಿಯ ಹೆಸರಿನಲ್ಲಿ ಇದರ ಮೇಲೆ ಸಿಮೆಂಟು ಬಳಿದು ಪ್ಲಾಸ್ಟಿಕ್ ಬಣ್ಣ ಹಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಅದರೊಡನೆ ಬಂದ ಉಪ್ಪು ಇಟ್ಟಿಗೆಯೊಳಗೆ ಹರಳುಗಟ್ಟಿ ಇಟ್ಟಿಗೆಯನ್ನೇ ಪುಡಿ ಮಾಡುತ್ತದೆ. ಹೊರಗಿನಿಂದ ಗೋಡೆ ಹೊಸದು, ಒಳಗೆ ಹಿಟ್ಟು. ಹೊಸ ಬಣ್ಣ ಕಂಡು ಮೆಚ್ಚುವವರಿಗೆ ಇದು ತಿಳಿಯುವುದಿಲ್ಲ. ಬಣ್ಣ ಹಚ್ಚಿಸಿದವರಿಗೂ ಎಷ್ಟೋ ಸಲ ತಿಳಿದಿರುವುದಿಲ್ಲ.

ಮನೆಯ ಮುಂದಿನ ಜಗಲಿಗೆ ಬೇರೆಯೇ ಚರಿತ್ರೆಯಿದೆ. 1822ರಲ್ಲಿ ಸಿಂಗಾಪುರದ ನಗರ ಯೋಜನೆ ಮಾಡಿಸುವಾಗ ಸ್ಟ್ಯಾಮ್ಫರ್ಡ್ ರಾಫೆಲ್ಸ್ ಒಂದು ನಿಯಮ ಹಾಕಿದ. ಪ್ರತಿ ಮನೆಯ ಮುಂದೆಯೂ ಜಗಲಿಯಿರಬೇಕು, ಬೀದಿಯುದ್ದಕ್ಕೂ ಅದು ಮಾಡಿನ ಕೆಳಗಿನ ಸಾರ್ವಜನಿಕ ದಾರಿಯಾಗಿ ತೆರೆದಿರಬೇಕು. ಈ ಪದ್ಧತಿ ಜಲಸಂಧಿಯ ಊರುಗಳಿಗೆಲ್ಲ ಹರಡಿತು. ಹೆಸರು 'ಕಾಕಿ ಲಿಮಾ', ಐದಡಿ ದಾರಿ. ಕಾಗದದ ಮೇಲೆ ಅದು ದಾರಿಹೋಕರದ್ದು. ಆದರೆ ಅಂಗಡಿಯವನು ಸರಕು ಹರಡಿದ, ಚಪ್ಪಲಿ ಹೊಲಿಯುವವನು, ನಾಣ್ಯ ಬದಲಿಸುವ ಚೂಲಿಯಾ ಮುಸ್ಲಿಮ, ಪತ್ರ ಬರೆದುಕೊಡುವವನು, ಕ್ಷೌರಿಕ ಎಲ್ಲರೂ ಅಲ್ಲಿ ಕೂತರು. 1888ರಲ್ಲಿ ಸಿಂಗಾಪುರದ ಪುರಸಭೆ ಜಗಲಿಗಳನ್ನು ಬಲವಂತದಿಂದ ತೆರವು ಮಾಡಿಸಹೊರಟಾಗ ಅಂಗಡಿಗಳು ಬಾಗಿಲು ಹಾಕಿದವು, ಊರಲ್ಲಿ ಗಲಭೆಯೇ ಆಯಿತು. ಖಾಸಗಿಯೋ ಸಾರ್ವಜನಿಕವೋ ಎಂದು ಕೊನೆಗೂ ತೀರ್ಮಾನವಾಗದೆ, ಇಬ್ಬರೂ ಹೊಂದಿಕೊಂಡು ಬಾಳಿದ ಜಾಗ ಅದು. ಮಳೆಗೂ ಬಿಸಿಲಿಗೂ ಬಡವನಿಗೆ ಅಲ್ಲೊಂದು ಮಾಡಿತ್ತು.

ಇನ್ನು ನಮ್ಮವರ ಸಂಗತಿಗೆ ಬರೋಣ. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಲೈಟ್ 1786ರಲ್ಲಿ ಪೆನಾಂಗನ್ನು ವಶಪಡಿಸಿಕೊಂಡು ಊರು ಕಟ್ಟತೊಡಗಿದಾಗ ಎಳೆದ ಮೊದಲ ಕೆಲವೇ ಬೀದಿಗಳಲ್ಲಿ ಚೂಲಿಯಾ ಬೀದಿ ಒಂದು. ಚೂಲಿಯಾಗಳೆಂದರೆ ನಾಗೂರು, ನಾಗಪಟ್ಟಣ ಮುಂತಾದ ಕೋರಮಂಡಲ ತೀರದ ತಮಿಳು ಮುಸ್ಲಿಮರು. ಅವರ ಮುಂದಾಳು ಕಾದರ್ ಮೊಹಿಯುದ್ದೀನ್ ಮರಕ್ಕಾಯರ ಮನೆತನದ ವ್ಯಾಪಾರಿ. ಅವನ ಕಾಲದಲ್ಲಿ, 1801ರಲ್ಲಿ, ಮಸೀದಿಗೆಂದು ಕಂಪನಿ 18 ಎಕರೆ ಜಾಗ ಕೊಟ್ಟಿತು. ಅದೇ ಇಂದಿನ ಕಪಿತಾನ್ ಕೆಲಿಂಗ್ ಮಸೀದಿ. ನಾಗೂರಿನ ಶಾಹುಲ್ ಹಮೀದರ ಹೆಸರಿನ ದರ್ಗಾವೂ ಅದೇ ಚೂಲಿಯಾ ಬೀದಿಯಲ್ಲಿದೆ. 1808ರಲ್ಲಿ ಆಚೆಯಿಂದ ಬಂದ ಹದ್ರಮಿ ಮೂಲದ ಸಯ್ಯದ್ ಹುಸೇನ್ ಅಲ್ ಐದೀದ್ ಹತ್ತಿರದಲ್ಲೇ ಇನ್ನೊಂದು ಮಸೀದಿ ಕಟ್ಟಿಸಿದ. ಹಡಗಿನಲ್ಲಿ ಹಜ್ಜಿಗೆ ಹೋಗುವ ಕಾಲದಲ್ಲಿ ಸುಮಾತ್ರಾ, ಕೆಡಾಹ್ ಮತ್ತು ದಕ್ಷಿಣ ಥಾಯ್ಲೆಂಡಿನ ಯಾತ್ರಿಗಳು ಇಲ್ಲಿಗೆ ಬಂದು ಕಾಯುತ್ತಿದ್ದರು. ಆಚೆ ಬೀದಿಯ ಅಂಗಡಿಮನೆಗಳಲ್ಲಿ ಕೆಳಗೆ ಟಿಕೇಟು, ಬುತ್ತಿ, ಇಹ್ರಾಮ್ ಬಟ್ಟೆಯ ವ್ಯಾಪಾರ. ಮೇಲೆ ಯಾತ್ರಿಗಳ ವಾಸ. ಜನ ಆ ಬೀದಿಯನ್ನು ಎರಡನೆಯ ಜಿದ್ದಾ ಎಂದೇ ಕರೆದರು. ವಿಮಾನ ಬಂದ ಮೇಲೆ ಆ ವ್ಯಾಪಾರ ನಿಂತಿತು.

ಅಲ್ಲಿಂದ ಕೂಗಳತೆಯಲ್ಲಿ ಅರ್ಮೇನಿಯನ್ ಬೀದಿಯ 120ನೆಯ ನಂಬರಿನ ಅಂಗಡಿಮನೆ. 1910ರಲ್ಲಿ ಚೀನಾದ ಸನ್ ಯಾತ್ ಸೆನ್ ತನ್ನ ಕ್ರಾಂತಿಕಾರಿ ಸಂಘಟನೆಯ ಆಗ್ನೇಯ ಏಶ್ಯಾ ಕಚೇರಿಯನ್ನು ಪೆನಾಂಗಿಗೆ ತಂದಾಗ ಅದರ ನೆಲೆಯಾದದ್ದು ಇದೇ ಮನೆ. ಮರುವರ್ಷದ ಗುವಾಂಗ್‌ಜೌ ದಂಗೆಗೆ ಹಣ ಕೂಡಿಸುವ ಮಾತುಕತೆ ಈ ಊರಲ್ಲಿ ನಡೆಯಿತು. ಇಂದಿಗೂ ಪ್ರಕಟವಾಗುತ್ತಿರುವ ಒಂದು ಚೀನೀ ದಿನಪತ್ರಿಕೆ ಹುಟ್ಟಿದ್ದೂ ಇದೇ ಮನೆಯಲ್ಲಿ. ಕ್ಯಾಂಪ್‌ಬೆಲ್ ಬೀದಿಯ ಹಮೀದಿಯಾ ಹೋಟೆಲು 1907ರದ್ದು. ಮಸೀದಿ, ಚೀನೀ ಕುಲಮಂದಿರ, ಮಾರಿಯಮ್ಮನ ಗುಡಿ, ಇಗರ್ಜಿ ಎಲ್ಲವೂ ಒಂದೇ ರಸ್ತೆಯಲ್ಲಿ ಸಿಗುವ ಊರು. ಇವನ್ನೆಲ್ಲ ಒಂದಕ್ಕೊಂದು ಹೊಲಿದ ದಾರ ಅಂಗಡಿಮನೆಗಳ ಸಾಲು. ಧರ್ಮ ಬೇರೆಯಾದವರು ಗೋಡೆ ಹಂಚಿಕೊಂಡು ಬಾಳಿದರು ಎಂಬುದು ಇಲ್ಲಿ ಅಲಂಕಾರದ ಮಾತೇ ಅಲ್ಲ, ನಿಜವಾಗಿ ಗೋಡೆಯನ್ನೇ ಹಂಚಿಕೊಂಡಿದ್ದರು.

ಇದನ್ನೆಲ್ಲ ಬಣ್ಣಿಸುವಾಗ ಹಳೆಯದೆಲ್ಲ ಹೊನ್ನಾಗಿತ್ತೆಂದು ನಾವು ಹೇಳುತ್ತಿಲ್ಲ. ಸಿಂಗಾಪುರದ ಅಂಗಡಿಮನೆಗಳ ಕುರಿತು 1907ರಲ್ಲಿ ಪ್ರಕಟವಾದ ಡಾಕ್ಟರ್ ಸಿಂಪ್ಸನ್ನರ ವರದಿಯನ್ನು ಓದಿದವರಿಗೆ ಆ ಭ್ರಮೆ ಇರಲಾರದು. ಮಹಡಿಯನ್ನು ಹಲಗೆಯಿಂದ ಕತ್ತಲೆಗೂಡುಗಳಾಗಿ ಹಂಚಿ, ಒಂದೊಂದು ಗೂಡಿನಲ್ಲಿ ಕೂಲಿಯಾಳುಗಳನ್ನು ತುಂಬಲಾಗಿತ್ತು. ಕ್ಷಯ ಹರಡುತ್ತಿತ್ತು. ಮಲದ ಬಕೆಟುಗಳನ್ನು ಹೊರಕ್ಕೆ ಒಯ್ಯಲು ಹಿತ್ತಿಲ ಓಣಿ ಕೂಡ ಇರಲಿಲ್ಲ. ಆ ಓಣಿಗಳು ಬಂದದ್ದು ಆಮೇಲೆ. ಇಂಥ ಬಾಳನ್ನು ಹಾಗೆಯೇ ಉಳಿಸಬೇಕೆಂದು ಯಾವ ಬುದ್ಧಿಯಿರುವವನೂ ಕೇಳುವುದಿಲ್ಲ. ಆದರೆ ಕೊಳೆ ತೊಳೆಯುವ ನೆಪದಲ್ಲಿ ಮನುಷ್ಯನನ್ನೂ ತೊಳೆದು ಚರಂಡಿಗೆ ಬಿಡುವುದು ಬೇರೆ ಸಂಗತಿ.

ಅದು ನಡೆದದ್ದು ಹೀಗೆ. ಮಹಾಯುದ್ಧದ ನಂತರದ ವಸತಿ ಕೊರತೆಯಲ್ಲಿ ಬಾಡಿಗೆಗೆ ಕಾನೂನು ಕಡಿವಾಣ ಬಿತ್ತು. ಮಲೇಶ್ಯಾದ 1966ರ ಬಾಡಿಗೆ ನಿಯಂತ್ರಣ ಕಾಯ್ದೆ 1948ಕ್ಕಿಂತ ಹಿಂದಿನ ಕಟ್ಟಡಗಳಿಗೆ ಅನ್ವಯಿಸುತ್ತಿತ್ತು. ಅಂಥ ಮನೆಗಳು ದೇಶದಲ್ಲೇ ಅತ್ಯಂತ ಹೆಚ್ಚಿದ್ದದ್ದು ಪೆನಾಂಗಿನಲ್ಲಿ. 1997ರಲ್ಲಿ ಕಾಯ್ದೆಯನ್ನು ರದ್ದುಗೊಳಿಸಿ, 1999ರ ಡಿಸೆಂಬರ್ ಕೊನೆಯವರೆಗೆ ಗಡುವು ಕೊಟ್ಟರು. 2000ದ ಜನವರಿ 1ರಿಂದ ಬಾಡಿಗೆ ಮಾಲಿಕನ ಇಚ್ಛೆ. ತಲೆಮಾರುಗಳಿಂದ ಒಂದೇ ಜಾಗದಲ್ಲಿ ತಗಡಿನ ಕೆಲಸ, ಬುಟ್ಟಿ ಹೆಣಿಗೆ, ಟೋಪಿ ಹೊಲಿಗೆ, ಅಗರಬತ್ತಿ ಮಾಡುತ್ತಿದ್ದವರು ಗಂಟುಮೂಟೆ ಕಟ್ಟಿದರು. ಮನೆ ಖಾಲಿಯಾಯಿತು. ಹೊಸ ಬಾಡಿಗೆದಾರ ಮಾತ್ರ ಎಲ್ಲೆಡೆ ಬರಲಿಲ್ಲ. ಆಗ ಬಂದದ್ದು ಹಕ್ಕಿ! ಎಂಜಲಿನಿಂದ ಗೂಡು ಕಟ್ಟುವ ಸಣ್ಣ ಬಾನಾಡಿಗಳ ಗೂಡಿಗೆ ಚೀನೀ ಸೂಪಿನ ಮಾರುಕಟ್ಟೆಯಲ್ಲಿ ಭಾರಿ ಬೆಲೆ. ಕಿಟಕಿಗಳನ್ನು ಮುಚ್ಚಿ, ಒಳಗೆ ತೇವ ಹಿಡಿದಿಟ್ಟು, ಮಾಡಿನ ಮೇಲೆ ಧ್ವನಿವರ್ಧಕದಲ್ಲಿ ಹಕ್ಕಿಯ ಚಿಲಿಪಿಲಿಯ ಧ್ವನಿಮುದ್ರಿಕೆ ಹಾಕಿ, ಜನ ಬಾಳಿದ ಅಂಗಡಿಮನೆಗಳನ್ನು ಹಕ್ಕಿಗೂಡಿನ ಕಾರ್ಖಾನೆ ಮಾಡಿದರು. ಪರಂಪರೆಯ ಪಟ್ಟಿಗೆ ಸೇರಿದ ಐದು ವರ್ಷಗಳ ಮೇಲೆ, 2013ರ ಕೊನೆಯೊಳಗೆ ಅವನ್ನು ತೆರವು ಮಾಡಬೇಕೆಂದು ಸರಕಾರ ಆಜ್ಞೆ ಹೊರಡಿಸಬೇಕಾಯಿತು. ಬಡ ಬಾಡಿಗೆದಾರ ಕಟ್ಟಡ ಹಾಳುಮಾಡುತ್ತಾನೆಂದು ವಾದಿಸಿದವರು ಹಕ್ಕಿಯ ಬಗ್ಗೆ ಅಷ್ಟು ವಾದಿಸಿದ್ದನ್ನು ನಾವು ಕೇಳಿಲ್ಲ.

ಹಕ್ಕಿಯ ನಂತರ ಬೂಟಿಕ್ ಹೋಟೆಲು, ಕಾಫಿ ಕೆಫೆ. 2012ರಲ್ಲಿ ಲಿಥುವೇನಿಯಾದ ಕಲಾವಿದನೊಬ್ಬ ಅರ್ಮೇನಿಯನ್ ಬೀದಿಯ ಗೋಡೆಯೊಂದರ ಮೇಲೆ ಸೈಕಲ್ ತುಳಿಯುವ ಇಬ್ಬರು ಮಕ್ಕಳ ಚಿತ್ರ ಬರೆದ. ಸೈಕಲ್ ನಿಜವಾದದ್ದು, ಮಕ್ಕಳು ಬಣ್ಣದವರು. ಅದರ ಮುಂದೆ ಫೋಟೋಗಾಗಿ ಸಾಲು ನಿಲ್ಲುತ್ತದೆ. ಚಿತ್ರ ಸೊಗಸಾಗಿಯೇ ಇದೆ. ಆದರೆ ಪರಂಪರೆಯ ವಲಯದಲ್ಲಿ 2009ರಲ್ಲಿ ಹತ್ತು ಸಾವಿರಕ್ಕಿಂತ ತುಸು ಹೆಚ್ಚಿದ್ದ ವಾಸಿಗಳ ಸಂಖ್ಯೆ 2013ರ ಹೊತ್ತಿಗೆ ಹತ್ತು ಸಾವಿರಕ್ಕಿಂತ ಕೆಳಗಿಳಿದಿತ್ತು. ಬೀದಿಯಲ್ಲಿ ಆಡುವ ಮಕ್ಕಳು ಕಡಿಮೆಯಾದಂತೆ ಗೋಡೆಯ ಮೇಲಿನ ಮಕ್ಕಳು ಪ್ರಸಿದ್ಧರಾದರು.

ಬಾಡಿಗೆ ನಿಯಂತ್ರಣವೇ ಕಟ್ಟಡಗಳನ್ನು ಕೊಂದಿತು ಎಂದು ವಾದಿಸುವವರಿದ್ದಾರೆ. ಕರ್ನಾಟಕದಲ್ಲಿ 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ 1999ರ ಬಾಡಿಗೆ ಕಾಯ್ದೆಯನ್ನು ತರುವಾಗಲೂ ಇದೇ ಮಾತು ಕೇಳಿಬಂದಿತ್ತು. ಅದರಲ್ಲಿ ಅರ್ಧ ಸತ್ಯವಿದೆ. ಚಹಾದ ಖರ್ಚಿಗೂ ಸಾಲದ ಬಾಡಿಗೆ ಬರುವ ಮನೆಗೆ ಮಾಲಿಕ ಹಂಚು ಹಾಕಿಸಲಿಲ್ಲ. ಮೂಲ ಬಾಡಿಗೆದಾರ ಪಗಡಿ ಪಡೆದು ಒಳಬಾಡಿಗೆಗೆ ಕೊಟ್ಟು ತಾನೇ ಸಣ್ಣ ಜಮೀನ್ದಾರನಾದದ್ದೂ ಉಂಟು. ಉಳಿದರ್ಧ ಇದು: ಅದೇ ಕಾಯ್ದೆ ಇಲ್ಲದಿರುತ್ತಿದ್ದರೆ ಆ ಸಾಲುಗಳು ಮೂವತ್ತು ವರ್ಷ ಮೊದಲೇ ಗಗನಚುಂಬಿಗಳಿಗೆ ಜಾಗ ಬಿಡುತ್ತಿದ್ದವು. ಯುನೆಸ್ಕೋದವರು ಬಂದಾಗ ನೋಡಲು ಸಾವಿರದ ಏಳುನೂರಕ್ಕೂ ಮಿಕ್ಕಿ ಹಳೆಯ ಕಟ್ಟಡಗಳು ಉಳಿದಿದ್ದರೆ ಅದಕ್ಕೆ ಕಾರಣ ಖಾಲಿ ಮಾಡದ ಬಾಡಿಗೆದಾರ. ಉಳಿಸಿದವನಿಗೆ ಸಿಕ್ಕ ಪದಕ ಜಾಗ ಖಾಲಿ ಮಾಡುವ ನೋಟೀಸು.

ಈಗ ಹೇಳಬೇಕಾದದ್ದು ನಮ್ಮೊಳಗಿನ ಮಾತು. ಜಾರ್ಜ್‌ಟೌನಿನ ಮಧ್ಯದ ಜಾಗದಲ್ಲಿ ದೊಡ್ಡ ಪಾಲು ಮಾರಾಟಕ್ಕಿಲ್ಲದ್ದು. ಒಂದಷ್ಟು ಚೀನೀ ಕುಲಸಂಘಗಳದ್ದು, ಒಂದಷ್ಟು ವಕ್ಫ್. ಮಾರಲಾಗದ ಆಸ್ತಿ ಎಂದರೆ ವಸಾಹತು ನ್ಯಾಯಾಲಯಗಳಿಗೆ ಮೊದಲಿಂದಲೂ ಮುನಿಸು. ಪೆನಾಂಗಿನ ಚೀನೀ ಮಹಿಳೆಯೊಬ್ಬಳು ತನ್ನ ಮರಣಶಾಸನದಲ್ಲಿ ತೀರಿಕೊಂಡವರ ವಿಧಿಗಳಿಗೆಂದು ಮನೆಯೊಂದನ್ನು ಶಾಶ್ವತವಾಗಿ ಮೀಸಲಿಟ್ಟದ್ದನ್ನು 1875ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಅಸಿಂಧುವೆಂದಿತು. 1894ರಲ್ಲಿ ಅದೇ ಪ್ರಿವಿ ಕೌನ್ಸಿಲ್ ಬಂಗಾಳದ ಪ್ರಕರಣವೊಂದರಲ್ಲಿ ಕುಟುಂಬ ವಕ್ಫನ್ನು ತಳ್ಳಿಹಾಕಿತು. ಅದನ್ನು ಸರಿಪಡಿಸಲು ಭಾರತದಲ್ಲಿ 1913ರ ವಕ್ಫ್ ಸಿಂಧುತ್ವ ಕಾಯ್ದೆ ಬರಬೇಕಾಯಿತು. ಪೆನಾಂಗಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸರಕಾರ ಮುಸ್ಲಿಮ್ ಮತ್ತು ಹಿಂದೂ ದತ್ತಿ ಮಂಡಳಿ ರಚಿಸಿ ಕಪಿತಾನ್ ಕೆಲಿಂಗ್ ವಕ್ಫನ್ನು ಅದರ ಕೈಗೆ ಕೊಟ್ಟಿತು. ಮಸೀದಿಯ ಸುತ್ತಲಿದ್ದ ಬಡವರ ವಸತಿ ತೆರವಾಯಿತು, ಹೊಸ ಬೀದಿ ಬಂತು, ವರಮಾನಕ್ಕಾಗಿ ಬಾಡಿಗೆಯ ಸಾಲುಮನೆಗಳು ಬಂದವು. ಇಂದು ವಕ್ಫಿನ ಏಕೈಕ ಟ್ರಸ್ಟಿ ರಾಜ್ಯದ ಇಸ್ಲಾಮೀ ಧಾರ್ಮಿಕ ಮಂಡಳಿ.

ವಕ್ಫ್ ಮಾಡಿದವನ ಶರ್ತಕ್ಕೆ ಶರೀಅತ್ತಿನಲ್ಲಿ ಎಷ್ಟು ತೂಕವಿದೆ ಎಂದು ವೇದಿಕೆಗಳಲ್ಲಿ ಕೇಳುತ್ತಿರುತ್ತೇವೆ. ಆದರೆ ಮಂಡಳಿಗಳ ಕೋಣೆಯಲ್ಲಿ ಕೇಳುವ ಶಬ್ದ 'ಮಾರುಕಟ್ಟೆ ದರ'. ವಕ್ಫ್ ಮಾಡುವುದರ ಅರ್ಥವೇ ಆಸ್ತಿಯನ್ನು ಮಾರುಕಟ್ಟೆಯಿಂದ ಹೊರತೆಗೆಯುವುದು. ಹೊರತೆಗೆದದ್ದನ್ನು ಬಾಡಿಗೆಯ ಕಿಂಡಿಯಿಂದ ಮತ್ತೆ ಒಳಸೇರಿಸಿದರೆ ಉಳಿದದ್ದೇನು? ಮಸೀದಿಯ ಖರ್ಚಿಗೆ ಹಣ ಬೇಡವೇ ಎಂದು ಮರುಪ್ರಶ್ನೆ ಬರುತ್ತದೆ. ಬೇಕು. ನಮ್ಮ ಊರುಗಳಲ್ಲೂ ಮಸೀದಿಯ ಮುಂದಿನ ಅಂಗಡಿಸಾಲಿನ ಬಾಡಿಗೆಯಿಂದಲೇ ಇಮಾಮರ ಸಂಬಳ, ಮದ್ರಸದ ಕರೆಂಟ್ ಬಿಲ್ಲು ಹೋಗುತ್ತದೆ. ಅಲ್ಲಿಯೂ ಹಳೆಯ ಬಾಡಿಗೆದಾರ ಎಂಬತ್ತರ ದಶಕದ ದರ ಕೊಟ್ಟು ಜಾಗವನ್ನು ಲಕ್ಷಾಂತರಕ್ಕೆ ಕೈಬದಲಿಸುವುದುಂಟು, ಅದು ಕಳವಲ್ಲದೆ ಬೇರೇನಲ್ಲ. ಆ ಕಳ್ಳನನ್ನು ತೋರಿಸಿ, ಮಹಡಿಯಲ್ಲಿ ಮಕ್ಕಳೊಂದಿಗೆ ಬಾಳುತ್ತ ಕೆಳಗೆ ಟೋಪಿ ಹೊಲಿಯುವವನನ್ನೂ ಹೊರಹಾಕುವುದು ನ್ಯಾಯವೇ? ಇಬ್ಬರ ನಡುವಿನ ವ್ಯತ್ಯಾಸ ತಿಳಿಯಲು ದೊಡ್ಡ ತನಿಖೆ ಬೇಕಿಲ್ಲ. ರಾತ್ರಿ ಮಹಡಿಯಲ್ಲಿ ದೀಪ ಉರಿಯುತ್ತದೆಯೇ ಎಂದು ನೋಡಿದರೆ ಸಾಕು.

ಮಂಡಳಿಗಳು ಮಾಡಬೇಕಾದದ್ದು ಕಷ್ಟದ್ದೇನಲ್ಲ. ಬಾಡಿಗೆ ಕರಾರಿನಲ್ಲಿ ಎರಡು ವಾಕ್ಯ ಸೇರಲಿ: ಅಂಗಡಿ ನಡೆಸುವವನೇ ಮಹಡಿಯಲ್ಲಿ ವಾಸಿಸಬೇಕು, ಕೈಬದಲಿಸಿದರೆ ಕರಾರು ರದ್ದು. ಪ್ರತಿಯಾಗಿ ಕರಾರಿನ ಅವಧಿ ಎರಡು ವರ್ಷದ ಬದಲು ಹದಿನೈದಾಗಲಿ, ಯಾಕೆಂದರೆ ನಾಡಿದ್ದು ಬಿಡಬೇಕಾದ ಮನೆಗೆ ಯಾರೂ ಗಾರೆ ಬಳಿಯುವುದಿಲ್ಲ. ಬಾಡಿಗೆಯ ಇಂತಿಷ್ಟು ಪಾಲು ಅದೇ ಮನೆಯ ಹಂಚಿಗೂ ತೊಲೆಗೂ ಎಂದು ಬೇರೆ ಖಾತೆಯಲ್ಲಿ ಇಡಲಿ, ಲೆಕ್ಕವನ್ನು ಜುಮಾ ದಿನ ಮಸೀದಿಯ ಫಲಕದ ಮೇಲೆ ಅಂಟಿಸಲಿ. ಮತ್ತು ಗುತ್ತಿಗೆದಾರನಿಗೆ ಕೆಲಸ ಕೊಡುವ ಮುನ್ನ ಕೇಳಲಿ, ಸುಣ್ಣ ಕಲಸಲು ಬರುತ್ತದೆಯೇ ಎಂದು.